ಗ್ರಿಡ್ ಬಿಟ್ಟ ನಕ್ಷೆಗಾರ

ಊಟ ಮುಗಿದು, ಕೈ ತೊಳೆದು, ಕುರ್ಚಿಗೆ ಒರಗುವ ಗಳಿಗೆ ಬಹಳ ಅಪಾಯದ್ದು. ಹೊಟ್ಟೆ ತುಂಬಿರುತ್ತದೆ, ಬಾಯಿ ಖಾಲಿ ಇರುತ್ತದೆ. ಖಾಲಿ ಬಾಯಿಗೆ ಯಾವ ಮಾತು ಬಂದು ಕೂರುತ್ತದೋ ಹೇಳಲಾಗದು. ನಮ್ಮ ನಕ್ಷೆಗಾರ ಸಿಕ್ಕಿಬಿದ್ದದ್ದು ಅಂಥ ಗಳಿಗೆಯಲ್ಲೇ.

ಆತ ಪುರಸಭೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನಕ್ಷೆ ಬರೆಯುವವನು. ನಕ್ಷೆ ಎಂದೊಡನೆ ಸೇತುವೆ, ಸಭಾಭವನ ಎಂದು ದೊಡ್ಡದಾಗಿ ಯೋಚಿಸಬೇಡಿ. ಬಸ್ ತಂಗುದಾಣ. ನಾಲ್ಕು ಕಂಬ, ಒಂದು ಸೂರು, ಒಂದು ಬೆಂಚು. ಊರಿನಲ್ಲಿ ಅವನ ಮೂವತ್ತೊಂದು ತಂಗುದಾಣಗಳಿವೆ. ಅವುಗಳಡಿ ನಿಂತು ಜನ ಬಸ್ಸನ್ನು ಬೈಯುತ್ತಾರೆಯೇ ಹೊರತು ಸೂರನ್ನು ಬೈದದ್ದಿಲ್ಲ. ಹೊಗಳಿದವರೂ ಇಲ್ಲ.

ಆ ಭಾನುವಾರ ಅವನ ಮನೆಗೆ ನಾದಿನಿಯೂ ಷಡ್ಡಕನೂ ಊಟಕ್ಕೆ ಬಂದಿದ್ದರು. ಷಡ್ಡಕನಿಗೆ ನಲ್ಲಿ, ಸಿಂಕು, ಕಮೋಡುಗಳ ಅಂಗಡಿ. ಊಟದುದ್ದಕ್ಕೂ ಅವನು ಹೊಸದೊಂದು ನಲ್ಲಿಯ ಗುಣಗಾನ ಮಾಡಿದ. "ಮುಟ್ಟೋದೇ ಬೇಡ ಭಾವ! ಕೈ ತೋರಿಸಿದ್ರೆ ಸಾಕು, ನೀರು ಸುರಿಯತ್ತೆ." ಆಮೇಲೆ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ಕರುಣೆಯಿಂದ ಕೇಳಿದ, "ನಿಮ್ಮ ಕಡೆ ಏನಾದ್ರೂ ಹೊಸದು ಇದೆಯಾ? ಇಲ್ಲ, ಅದೇ ನಾಲ್ಕು ಕಂಬನಾ?"

ಎಲ್ಲರೂ ನಕ್ಕರು. ಎಲ್ಲರೂ ನಗು ನಿಲ್ಲಿಸಿದ ಮೇಲೂ ಮನೆಯಲ್ಲೇ ಇರುವ ಅತ್ತೆ ಸ್ವಲ್ಪ ಹೊತ್ತು ನಕ್ಕರು. ನಕ್ಷೆಗಾರ ಗಂಟಲು ಸರಿಮಾಡಿಕೊಂಡು ಹೇಳಿದ:

"ನಾನೀಗ ಗ್ರಿಡ್ ಬಿಟ್ಟುಬಿಟ್ಟಿದ್ದೀನಿ."

ಇದು ಸುಳ್ಳಲ್ಲ. ಚೌಕುಳಿ ಗೆರೆಗಳಿರುವ ಕಾಗದಕ್ಕೆ ಅವನ ಕಚೇರಿಯಲ್ಲಿ ಗ್ರಿಡ್ ಶೀಟು ಎಂದು ಹೆಸರು. ಅದರ ದಾಸ್ತಾನು ಮುಗಿದು ಮೂರು ತಿಂಗಳಾಗಿತ್ತು. ಹಾಗಾಗಿ ಬಿಳಿ ಕಾಗದದ ಮೇಲೆ ಕೈಯಂದಾಜಿನಲ್ಲಿ ಗೆರೆ ಎಳೆಯುತ್ತಿದ್ದ. ಅದನ್ನೇ ಕೊಂಚ ಎದೆಯುಬ್ಬಿಸಿ ಹೇಳಿದ, ಅಷ್ಟೆ.

ಷಡ್ಡಕ ಒರೆಸುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದ. "ಅಂದ್ರೆ… ಆಫ್ ಗ್ರಿಡ್ಡಾ?"

"ಪೂರ್ತಿ ಆಫು."

"ಕಷ್ಟ ಆಗಲ್ವಾ ಭಾವ?"

"ಮೊದಮೊದಲು ಕೈ ನಡುಗತ್ತೆ. ಆಮೇಲೆ ಅಭ್ಯಾಸ ಆಗೋಗತ್ತೆ."

ಷಡ್ಡಕನ ಮುಖದಲ್ಲಿ ಜೀವಮಾನದಲ್ಲೇ ಮೊದಲ ಬಾರಿಗೆ ಗೌರವ ಕಾಣಿಸಿತು. ಅದರ ರುಚಿ ಹತ್ತಿದ ನಕ್ಷೆಗಾರ ಇನ್ನೇನೂ ವಿವರಿಸಲು ಹೋಗಲಿಲ್ಲ. ವಿವರಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮಂಗಳವಾರ ಕಚೇರಿಗೆ ಒಬ್ಬ ಹೆಂಗಸು ಬಂದರು. ಎಪ್ಪತ್ತೆರಡರ ವಯಸ್ಸು, ನೇರ ಬೆನ್ನು, ಕೈಯಲ್ಲಿ ಕೊಡೆ. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದ ಹೆಡ್‌ಮಿಸ್. ಅವರು ಒಳಗೆ ಕಾಲಿಟ್ಟದ್ದೇ ತಡ, ದೊಡ್ಡ ಇಂಜಿನಿಯರ್ ಕೂಡ ಬಾಯಲ್ಲಿದ್ದ ಪೆನ್ನು ತೆಗೆದು ಎದ್ದು ನಿಂತ.

ಷಡ್ಡಕನ ಅಂಗಡಿಗೆ ನಲ್ಲಿ ಕೊಳ್ಳಲು ಹೋದವರು ನಕ್ಷೆಗಾರನ ಕೀರ್ತಿಯನ್ನೂ ಹೊತ್ತು ಬಂದಿದ್ದರು. ದೋಣಿಯಲ್ಲಿ ಒಂದು ಗಂಟೆ ಹೋದರೆ ಒಂದು ಪುಟ್ಟ ದ್ವೀಪ. ಅವರ ತಂದೆ ಅಲ್ಲಿ ದೀಪಸ್ತಂಭ ನೋಡಿಕೊಳ್ಳುತ್ತಿದ್ದರು, ಹೆಡ್‌ಮಿಸ್ ಹುಟ್ಟಿದ್ದೂ ಅಲ್ಲೇ. ಈಗ ದೀಪವಿಲ್ಲ, ಮನೆ ಬಿದ್ದುಹೋಗಿ ಕಲ್ಲಿನ ನೆಲವಷ್ಟೇ ಉಳಿದಿದೆ. ಆ ಜಾಗದಲ್ಲಿ ಒಂದೇ ಒಂದು ಪುಟ್ಟ ಮರದ ಮನೆ ಕಟ್ಟಿಕೊಳ್ಳಬಹುದು, ಕರೆಂಟಿನ ತಂತಿ, ನೀರಿನ ಕೊಳವೆ ಯಾವುದೂ ಬರಕೂಡದು ಎಂದು ತೀರರಕ್ಷಣಾ ಇಲಾಖೆ ಒಪ್ಪಿತ್ತು. ನಾಲ್ಕು ದಿನ ಸದ್ದಿಲ್ಲದೆ ಇದ್ದು ಹೋಗಬಯಸುವವರು ಬರಬಹುದು, ಹೆಡ್‌ಮಿಸ್ ಕೂಡ ಇರಬಹುದು.

"ಇಬ್ಬರ ಹತ್ರ ನಕ್ಷೆ ಮಾಡಿಸ್ದೆ. ಎರಡೂ ತಿರಸ್ಕಾರ. ಮೊದಲನೆಯವನು ನಾಲ್ಕೂ ಕಡೆ ಗಾಜು ಹಾಕಿದ್ದ. ಎರಡನೆಯವನು…" ಹೆಡ್‌ಮಿಸ್ ಕೊಡೆಯನ್ನು ನೆಲಕ್ಕೆ ಕುಟ್ಟಿದರು, "ಸುತ್ತ ಸಮುದ್ರ ಇದೆ ಮಾರಾಯರೇ, ಮಧ್ಯೆ ಈಜುಕೊಳ ಬರೆದಿದ್ದ! ಮೂರನೇದೂ ಬಿದ್ದುಹೋದ್ರೆ ಅನುಮತಿ ರದ್ದು. ಆಮೇಲೆ ನಾನು ಆ ಮರಳಿನ ಮೇಲೆ ಕಾಲಿಡೋ ಹಾಗೂ ಇಲ್ಲ."

ನಕ್ಷೆಗಾರ ಕುರ್ಚಿಯಿಂದ ಎದ್ದ. "ಮಿಸ್, ನನಗೆ ಅಂಥದ್ದೆಲ್ಲ ಏನೂ ಗೊತ್ತಿಲ್ಲ."

"ಗೊತ್ತಿರೋರು ಹೀಗೇ ಹೇಳೋದು. ಅವರಿಬ್ಬರೂ ಎಲ್ಲ ಗೊತ್ತು ಅಂದಿದ್ರು."

"ಅಲ್ಲ ಮಿಸ್, ನಾನು ಗ್ರಿಡ್ ಇಲ್ಲದೆ ಬರೀತೀನಿ ಅನ್ನೋದೇನೋ ನಿಜ. ಆದರೆ…"

"ಅದೇ ಬೇಕಾಗಿರೋದು! ಗ್ರಿಡ್ ಇದ್ರೆ ಇಲಾಖೆಯವರು ಮುಟ್ಟಿಯೂ ನೋಡಲ್ಲ."

ಚೌಕುಳಿ ಕಾಗದದ ಮೇಲೆ ಒಂದು ಸರ್ಕಾರಿ ಇಲಾಖೆಗೆ ಇಷ್ಟು ಸಿಟ್ಟು ಏಕೆಂದು ನಕ್ಷೆಗಾರನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಇಂಜಿನಿಯರ್ ಅವನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಕಚೇರಿಯಲ್ಲಿ ಇಂಥ ರತ್ನ ಇತ್ತಾ! ತಗೋಳಪ್ಪ, ಎಷ್ಟು ದಿನ ಬೇಕೋ ರಜೆ ತಗೋ," ಎಂದ. ನಕ್ಷೆಗಾರನ ಅಜ್ಜಿ ತೀರಿಕೊಂಡಾಗ ಅರ್ಧ ದಿನ ಕೊಟ್ಟಿದ್ದ ಮನುಷ್ಯ ಅವನು. ನಕ್ಷೆಗಾರ ಅಲ್ಲೇ ರಜೆಯ ಅರ್ಜಿ ಬರೆದ.

ಪಕ್ಕದ ಮನೆಯಲ್ಲಿ ಮೀಟರಣ್ಣನೆಂಬವನು ಇದ್ದ. ಮನೆಮನೆಗೆ ಹೋಗಿ ಕರೆಂಟಿನ ಮೀಟರು ಓದುವ ಕೆಲಸ. ಪರೋಪಕಾರಿ. ಲೋಕದಲ್ಲಿ ಅರ್ಧ ಹಾನಿ ಇಂಥವರಿಂದಲೇ ಆಗುವುದು. ಅವನು ಸಂಜೆ ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿದ.

"ಗ್ರಿಡ್ ಬಿಟ್ಟಿದ್ದೀರಂತೆ! ನಿಜನಾ?"

"ಮೂರು ತಿಂಗಳಾಯ್ತು," ಎಂದ ನಕ್ಷೆಗಾರ. ಈ ಹೊತ್ತಿಗೆ ಉತ್ತರ ಬಾಯಿಪಾಠವಾಗಿತ್ತು.

"ಮತ್ತೆ ನನಗೊಂದು ಮಾತು ಹೇಳೋದಲ್ವಾ? ಇಲ್ಲೊಂದು ಸೈನ್ ಹಾಕಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಇಪ್ಪತ್ತೆರಡು ವರ್ಷ ಕಚೇರಿಯಲ್ಲಿ ಕಳೆದವನ ಮುಂದೆ ಕಾಗದ ಹಿಡಿದರೆ ಕಣ್ಣಿಗಿಂತ ಮೊದಲು ಕೈ ಓಡುತ್ತದೆ. ಹಾಕಿದ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಫ್ಯಾನು ನಿಂತಿತು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳ ಯಂತ್ರ ಒಂದು ತೋಳಿನ ಅರ್ಧಕ್ಕೆ ನಿಂತಿತು. ಟೀವಿಯಲ್ಲಿ ಹದಿನೆಂಟು ವರ್ಷ ಕಾಣೆಯಾಗಿದ್ದ ಮಗ "ಅಮ್ಮಾ, ನಾನು ಯಾರು ಗೊತ್ತಾ?" ಎಂದು ಬಾಯಿ ತೆರೆದವನು ತೆರೆದಂತೆಯೇ ಮಾಯವಾದ. ಅತ್ತೆ ಎದೆ ಹಿಡಿದುಕೊಂಡರು.

ಕಿಟಕಿಯಿಂದ ನೋಡಿದರೆ ಎದುರಿನ ಕಂಬಕ್ಕೆ ಏಣಿ. ಏಣಿಯ ಕೆಳಗೆ ಮೀಟರಣ್ಣ ಕೈ ಬೀಸುತ್ತಿದ್ದ. "ಅಭಿನಂದನೆ! ಇವತ್ತಿಂದ ನೀವು ಅಧಿಕೃತವಾಗಿ ಆಫ್ ಗ್ರಿಡ್!"

ಆಗಷ್ಟೇ ನಕ್ಷೆಗಾರನಿಗೆ ತಿಳಿದದ್ದು: ಜನ ಗ್ರಿಡ್ ಎನ್ನುವುದು ಕರೆಂಟಿನ ಜಾಲಕ್ಕೆ. ಕಾಗದಕ್ಕಲ್ಲ.

"ಏನ್ರೀ ಮಾಡಿದ್ರಿ?" ಎಂದಳು ಹೆಂಡತಿ.

ಅವನು ಎಲ್ಲ ಹೇಳಿದ. ಅವಳು ಅರ್ಧ ತೋಳನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ನಗಬೇಕೋ ಅಳಬೇಕೋ ತಿಳಿಯದೆ ಕೊನೆಗೆ, "ಹೋಗಿ, ಮೊದಲು ತಂತಿ ಕೂಡಿಸಿಕೊಂಡು ಬನ್ನಿ," ಎಂದಳು.

ಕತ್ತರಿಸಲು ಒಂದು ಸಹಿ ಸಾಕಾಗಿತ್ತು. ಕೂಡಿಸಲು ಅರ್ಜಿ, ಅರ್ಜಿಯ ಪರಿಶೀಲನೆ, ಪರಿಶೀಲನೆಯ ದೃಢೀಕರಣ. "ಹನ್ನೊಂದು ದಿನ ಆಗತ್ತೆ," ಎಂದ ಮೀಟರಣ್ಣ, ಮುಖ ಸಣ್ಣದು ಮಾಡಿಕೊಂಡು. "ಅದೂ ಬೇಗ ಆದ್ರೆ."

ನಿಜ ಹೇಳಿಬಿಡೋಣವೆಂದು ಹೊರಟರೆ ಅಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹಬ್ಬಿತ್ತು. ಕೆಳಗಿನ ಮನೆಯ ದರ್ಜಿಯಂಗಡಿ ಮುದುಕ, ಹೆಂಡತಿಯ ವ್ಯಾಪಾರದ ಎದುರಾಳಿ, ಬಂದು ನಕ್ಷೆಗಾರನ ಕೈ ಕುಲುಕಿ ಹೋದ. ಹೆಡ್‌ಮಿಸ್ ಫೋನು ಮಾಡಿದರು. "ನನ್ನ ಕೆಲಸಕ್ಕೋಸ್ಕರ ಮನೆಯವರಿಗೂ ಕತ್ತಲೆ ಮಾಡ್ಕೊಂಡ್ರಂತೆ. ನಲವತ್ತು ವರ್ಷ ಪಾಠ ಹೇಳಿದ್ದೀನಿ, ಇಷ್ಟು ಹೋಮ್‌ವರ್ಕ್ ಮಾಡಿದೋರನ್ನ ನೋಡಿಲ್ಲ."

ಅವನು ಫೋನಿಟ್ಟು ಮೇಣದಬತ್ತಿ ತರಲು ಹೊರಟ.

ಆ ಹನ್ನೊಂದು ದಿನ ಆ ಮನೆಯಲ್ಲಿ ಏನೇನಾಯಿತು ಎಂಬುದನ್ನು ಬೀದಿಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ಪಂಪು ಓಡದೆ ನೀರು ಮೇಲೇರಲಿಲ್ಲ. ನಕ್ಷೆಗಾರ ಕೆಳಗಿನ ತೊಟ್ಟಿಯಿಂದ ಎರಡನೇ ಮಹಡಿಗೆ ದಿನಕ್ಕೆ ಹನ್ನೆರಡು ಬಕೆಟ್ ಹೊತ್ತ. ಹೆಂಡತಿ ಯಂತ್ರದ ಮೋಟಾರು ಬಿಚ್ಚಿ ಕಾಲಿನಿಂದ ತುಳಿಯತೊಡಗಿದಳು. ಬೆಳಿಗ್ಗೆ ಮೂಡಣ ಬಾಗಿಲ ಬಳಿ, ಮಧ್ಯಾಹ್ನದ ಮೇಲೆ ಪಡುವಣ ಕಿಟಕಿಯ ಬಳಿ. ಗಂಡನ ಕೆಲಸ ಯಂತ್ರವನ್ನು ಸೂರ್ಯನ ಹಿಂದೆ ಎಳೆಯುವುದು. ದಾರಿಯಲ್ಲಿಟ್ಟ ಬಕೆಟ್ ಎಡವಿದಾಗಲೆಲ್ಲ ಅವಳು ಕೂಗುತ್ತಿದ್ದಳು:

"ಬಕೆಟ್ ಇಡಕ್ಕೆ ಬಾಗಿಲ ಪಕ್ಕ ಜಾಗ ಇಲ್ಲ. ಬರ್ಕೊಳ್ಳಿ! ಯಾರೋ ಮಿಸ್ಸಿಗೆ ಮನೆ ಕಟ್ಟಿಕೊಡ್ತೀರಲ್ಲ, ಬರ್ಕೊಳ್ಳಿ!"

ಅವನು ನಿಜವಾಗಿಯೂ ಬರೆದುಕೊಂಡ. ಬೇರೆ ಗತಿ ಇರಲಿಲ್ಲ.

ಅತ್ತೆ ಮೊದಲೆರಡು ದಿನ ಕಪ್ಪು ಟೀವಿಯ ಮುಂದೆಯೇ ಕುಳಿತರು. ಮೂರನೆಯ ದಿನ ಸೆಖೆ ತಡೆಯದೆ ಅಡುಗೆಮನೆಯ ನೆಲಕ್ಕೆ ಬಂದು ಒರಗಿದರು. "ಅಳಿಯಂದ್ರೇ, ಬನ್ನಿ ಇಲ್ಲಿ. ಗಾಳಿ ಕೆಳಗಿಂದ ಬರ್ತಿದೆ. ನಿಮ್ಮ ಕಿಟಕಿಗಳೆಲ್ಲ ಎದೆ ಮಟ್ಟಕ್ಕಿವೆ. ಮಲಗಿದೋರಿಗೆ ಗಾಳಿ ಬೇಡ್ವಾ?" ಅದನ್ನೂ ಬರೆದುಕೊಂಡ.

ಏಳನೆಯ ದಿನ ದ್ವೀಪ ನೋಡಲು ಹೊರಟರು. ದೋಣಿಯವ, ಹೆಡ್‌ಮಿಸ್, ನಕ್ಷೆಗಾರ, ಜೊತೆಗೆ ಇಲಾಖೆಯ ಅಧಿಕಾರಿಣಿ. ಆಕೆ ನಗುವುದನ್ನು ಯಾರೂ ನೋಡಿರಲಿಲ್ಲ. ಕೈಯಲ್ಲಿ ಒಂದು ನೀಲಿ ಪುಸ್ತಕ. ದಡ ಮುಟ್ಟುವ ಮೊದಲೇ ಇಂಜಿನ್ ನಿಲ್ಲಿಸಿ ಹುಟ್ಟು ಹಾಕಿಸಿದಳು.

"ಈ ದ್ವೀಪದಲ್ಲಿ ಮೊದಲು ಹಕ್ಕಿ, ಆಮೇಲೆ ಹುಲ್ಲು, ಆಮೇಲೆ ನಾನು, ಆಮೇಲೆ ನೀವು. ನಾನು ನಡೆದಲ್ಲೇ ನಡೀರಿ."

ಹತ್ತು ಹೆಜ್ಜೆ ನಕ್ಷೆಗಾರ ಹಾಗೇ ನಡೆದ. ಆಮೇಲೆ ಹಳೆಯ ಮನೆಯ ಕಲ್ಲಿನ ನೆಲ ಕಾಣಿಸಿತು. ಅಳತೆ ಟೇಪು ಹಿಡಿದು ಮರಳಿನ ಮೇಲೆ ನೇರ ಅತ್ತ ನುಗ್ಗಿದ.

"ನಿಲ್ಲಿ!"

ಒಂದು ಕಾಲು ಗಾಳಿಯಲ್ಲೇ ನಿಂತಿತು. ಕೆಳಗೆ ನೋಡಿದ. ಬೆಣಚುಕಲ್ಲುಗಳು. ಇನ್ನೊಮ್ಮೆ ನೋಡಿದ. ಬೆಣಚುಕಲ್ಲಿಗೆ ಚುಕ್ಕೆಗಳಿದ್ದವು. ಮುಂದೆ ಮೊಟ್ಟೆ, ಹಿಂದೆ ಮೊಟ್ಟೆ, ಎಡಕ್ಕೆ ಮೂರು. ಒಂದನ್ನೂ ತುಳಿಯದೆ ಅಲ್ಲಿಯವರೆಗೆ ಹೋದದ್ದೇ ಪವಾಡ. ಎತ್ತಿದ ಕಾಲನ್ನು ಇಳಿಸಲು ಒಂದು ಅಂಗೈಯಗಲ ಜಾಗ ಹುಡುಕಿಕೊಂಡ.

"ಅಲ್ಲಾಡಬೇಡಿ," ಎಂದಳು ಅಧಿಕಾರಿಣಿ. "ಮರಳಲ್ಲಿ ಮೊಟ್ಟೆ ನನಗೂ ಸರಿಯಾಗಿ ಕಾಣಲ್ಲ. ತಾಯಿ ಹಕ್ಕಿಗಳು ವಾಪಸ್ ಬಂದು ಕೂತ್ರೆ ಎಲ್ಲೆಲ್ಲಿ ಗೂಡಿದೆ ಅಂತ ಗೊತ್ತಾಗತ್ತೆ. ಆಮೇಲೆ ದಾರಿ ಹೇಳ್ತೀನಿ. ಅಲ್ಲಿವರೆಗೂ ನೀವು ಕಂಬ."

ಉಳಿದ ಮೂವರೂ ದೂರ ಹೋಗಿ ಕುಳಿತರು. ಅವನು ಕಂಬವಾದ. ಜೀವನದಲ್ಲಿ ನೂರಾರು ಕಂಬ ಬರೆದಿದ್ದ, ಆಗಿರಲಿಲ್ಲ. ಮೂಗು ತುರಿಸಿತು. ಬೆವರು ಕಣ್ಣಿಗಿಳಿಯಿತು. ಹಕ್ಕಿಗಳು ತಲೆಯ ಮೇಲೆ ಸುತ್ತುತ್ತ ಬಾಯಿಗೆ ಬಂದಂತೆ ಬೈದವು. ಅರ್ಧ ಗಂಟೆಯಾಗುವಷ್ಟರಲ್ಲಿ ಅವನ ಧೈರ್ಯದ ಬಹುಪಾಲು ಸೋರಿಹೋಯಿತು, ಉಳಿದದ್ದನ್ನೆಲ್ಲ ಒಟ್ಟುಗೂಡಿಸಿ ಕೂಗಿದ:

"ಮಿಸ್! ನನಗೆ ಬರಲ್ಲ! ನಿಜವಾಗ್ಲೂ ಬರಲ್ಲ!"

ಗಾಳಿ ಜೋರಾಗಿತ್ತು. "ಏನಂತೆ?" ಎಂದರು ಹೆಡ್‌ಮಿಸ್.

"ನಾನು ಬರಲ್ಲ ಅಂತಿದ್ದಾರೆ," ಎಂದ ದೋಣಿಯವ. "ಹಕ್ಕಿಗೆ ತೊಂದರೆ ಆಗತ್ತೆ, ಬರಲ್ಲ ಅಂತ."

ಅಧಿಕಾರಿಣಿ ತಲೆಯ ಮೇಲಿನ ಟೋಪಿ ತೆಗೆದಳು. ನೀಲಿ ಪುಸ್ತಕ ತೆರೆದು ಏನೋ ಬರೆದುಕೊಂಡಳು. ಆ ಪುಸ್ತಕದಲ್ಲಿ ಯಾರ ಬಗ್ಗೆಯಾದರೂ ಒಳ್ಳೆಯ ಮಾತು ಸೇರಿದ್ದು ಅದೇ ಮೊದಲಂತೆ.

ಕೊನೆಗೆ ಹಕ್ಕಿಗಳಿಗೂ ಬೈದು ಸಾಕಾಯಿತು. ಒಂದೊಂದಾಗಿ ಇಳಿದು ಕುಳಿತವು. ಒಂದಂತೂ ಅವನ ಬೂಟಿಗೆ ಎರಡು ಗೇಣು ದೂರದಲ್ಲಿ, ಮುಖ ಆಚೆ ತಿರುಗಿಸಿ ಕುಳಿತಿತು. ದಾರಿ ಕಾಣಿಸಿತು. ಅಧಿಕಾರಿಣಿ ಹೇಳಿದಂತೆ ಎಡಕ್ಕೊಂದು, ಬಲಕ್ಕೆರಡು ಹೆಜ್ಜೆಯಿಟ್ಟು ಹೊರಬಂದ.

ಮರಳುವಾಗ ದೋಣಿಯಲ್ಲಿ ಆಕೆ ತಾನಾಗಿಯೇ ಮಾತು ತೆಗೆದಳು. "ವರ್ಷಕ್ಕೆ ನಾಲ್ಕು ತಿಂಗಳು ಇವು ಇಲ್ಲಿ ಮರಿ ಮಾಡ್ತವೆ. ಆಗ ಇಲ್ಲೊಂದು ಸೂರು ಇದ್ರೆ ಅದರ ಮೇಲೆ ಕಾಗೆ ಬಂದು ಕೂರತ್ತೆ. ಮೇಲಿಂದ ನೋಡ್ಕೊಂಡು ಒಂದೊಂದೇ ಮೊಟ್ಟೆ ಎತ್ತತ್ತೆ. ಗಾಜಿರಲಿ, ಮರವಿರಲಿ, ಕಾಗೆಗೆ ಎರಡೂ ಒಂದೇ. ಆ ನಾಲ್ಕು ತಿಂಗಳು ಎದ್ದು ಹೋಗೋ ಮನೆ ಯಾರಾದ್ರೂ ಬರೆದುಕೊಟ್ರೆ ನಾನೇ ಸೈನ್ ಹಾಕಿಸ್ತೀನಿ. ಆದರೆ ಮನೆ ಎದ್ದು ಹೋಗತ್ತಾ?"

ಹೆಡ್‌ಮಿಸ್ ಹಿಂದೆ ಸಣ್ಣದಾಗುತ್ತಿದ್ದ ದ್ವೀಪವನ್ನು ನೋಡುತ್ತ, ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು. ನಕ್ಷೆಗಾರ ಅದನ್ನು ನೋಡಿದ. ನೋಡಬಾರದಿತ್ತು. ಮನೆಗೆ ಬಂದವನು ಊಟಕ್ಕೂ ಏಳಲಿಲ್ಲ.

"ಏನಾಯ್ತೀಗ?" ಎಂದಳು ಹೆಂಡತಿ, ಪಡುವಣ ಕಿಟಕಿಯ ಬಳಿ ಯಂತ್ರ ತುಳಿಯುತ್ತ.

"ಆಗಲ್ಲ ಕಣೆ. ನಾಳೆ ಹೋಗಿ ಮಿಸ್ ಹತ್ರ ಕ್ಷಮೆ ಕೇಳ್ತೀನಿ. ನಾನು ಬಸ್ ಸ್ಟಾಪ್ ಬರೆಯೋನು. ಅವರಿಗೆ ಬೇಕಿರೋದು ನಾಲ್ಕು ತಿಂಗಳು ಎದ್ದು ಹೋಗೋ ಮನೆ."

ಅವಳು ತುಳಿಯುವುದನ್ನು ನಿಲ್ಲಿಸಿದಳು. "ಆ ಮೀನು ಮಾರ್ಕೆಟ್ಟಿನ ಸ್ಟಾಪ್ ಎಲ್ಲಿದೆ ಈಗ?"

"ಆಸ್ಪತ್ರೆ ಎದುರು."

"ಅದಕ್ಕೆ ಮೊದಲು?"

"ಸ್ಕೂಲ್ ತಿರುವಲ್ಲಿ. ಅದಕ್ಕೂ ಮೊದಲು… ರಸ್ತೆ ಅಗಲ ಮಾಡ್ದಾಗೆಲ್ಲ ಬಿಚ್ಚಿ ಸಾಗಿಸ್ಲೇಬೇಕಲ್ಲ. ಅದಕ್ಕೇ ನಾನು ಗಾರೆ ಹಾಕ್ಸಲ್ಲ, ಎಲ್ಲ ನಟ್ಟು ಬೋಲ್ಟು. ನಾಲ್ಕು ಜನ, ಎರಡು ಸ್ಪ್ಯಾನರ್, ಅರ್ಧ ದಿನ…"

ಮಾತು ಅಲ್ಲಿಗೇ ನಿಂತಿತು. ಗಂಡ ಹೆಂಡತಿಯ ಮುಖ ನೋಡಿದ. ಅವಳು ಮತ್ತೆ ಯಂತ್ರ ತುಳಿಯತೊಡಗಿದ್ದಳು. "ಬಿಚ್ಚೋದಾದ್ರೆ ಗೋಡೆ ಕ್ಯಾನ್ವಾಸಿಂದು ಮಾಡಿ," ಎಂದಳು ತಲೆಯೆತ್ತದೆ. "ನಾನು ಹೊಲಿದುಕೊಡ್ತೀನಿ. ಬಕೆಟ್ಟಿಗೆ ಜಾಗ ಮರೀಬೇಡಿ."

ಇಲಾಖೆಯ ಸಭೆಯಲ್ಲಿ ಉದ್ದ ಮೇಜಿನಾಚೆ ಐವರು ಸದಸ್ಯರು ಕುಳಿತಿದ್ದರು. ಈಚೆ ನಕ್ಷೆಗಾರ, ಹೆಡ್‌ಮಿಸ್, ಅಧಿಕಾರಿಣಿ, ಹೆಂಡತಿ, ಇಂಜಿನಿಯರ್, ಮತ್ತು ಕೋಟು ತೊಟ್ಟ ಷಡ್ಡಕ. ಅವನು ಬಾಗಿಲಲ್ಲಿ ಸಿಕ್ಕಿದವರಿಗೆಲ್ಲ "ನಮ್ಮ ಭಾವ" ಎಂದು ತೋರಿಸುತ್ತಿದ್ದ. ಮೇಜಿನ ಮೇಲೆ ಒಂದೇ ಹಾಳೆ. ಅದರಲ್ಲಿ ಹನ್ನೆರಡಡಿಗೆ ಹತ್ತಡಿಯ ಮನೆ.

"ಅಡಿಪಾಯ?" ಎಂದರು ಅಧ್ಯಕ್ಷರು.

"ಇಲ್ಲ ಸಾರ್. ಹಳೇ ಕಲ್ಲಿನ ನೆಲ ಇದೆ. ಅದರ ಮೇಲೆ ನಾಲ್ಕು ಕಂಬ. ಒಂದು ಗುದ್ದಲಿ ಮಣ್ಣೂ ಅಗಿಯಲ್ಲ."

"ಕಿಟಕಿ ಇಷ್ಟು ಕೆಳಗೆ ಯಾಕೆ?"

"ಮಲಗಿದೋರಿಗೆ ಗಾಳಿ ಬೇಡ್ವಾ ಸಾರ್?"

"ಬಾಗಿಲ ಪಕ್ಕ ಈ ಚೌಕ?"

"ಬಕೆಟ್. ಒಬ್ಬರಿಗೆ ಸ್ನಾನಕ್ಕೆ ಒಂದೂವರೆ ಬೇಕು. ಹೊತ್ತು ತಂದೋರು ಒಳಗೆ ಹೋಗಿ ಬಗ್ಗಿದ್ರೆ ಸೊಂಟ ಹಿಡಿಯತ್ತೆ."

"ಹಕ್ಕಿಗಳ ಕಾಲದಲ್ಲಿ?"

"ಇರಲ್ಲ ಸಾರ್. ನಾಲ್ಕು ಜನ ಅರ್ಧ ದಿನದಲ್ಲಿ ಬಿಚ್ಚಿ ದೋಣಿಗೆ ಹಾಕ್ತಾರೆ. ಕಾಗೆಗೆ ಕೂರಕ್ಕೆ ಒಂದು ಮೊಳೆನೂ ಉಳಿಯಲ್ಲ."

ಅಧ್ಯಕ್ಷರು ಕನ್ನಡಕ ತೆಗೆದರು. "ಇದನ್ನೆಲ್ಲ ಎಲ್ಲಿ ಕಲಿತ್ರಿ? ಯಾವ ಕಾಲೇಜು?"

ಇಲ್ಲಿ ಒಂದು ಸಣ್ಣ ಸುಳ್ಳು ಸಾಕಾಗಿತ್ತು. ಷಡ್ಡಕ ಕಣ್ಣಿನಲ್ಲೇ ಬೇಡಿಕೊಂಡ. ಆದರೆ ನಕ್ಷೆಗಾರನಿಗೆ ಆ ವಿದ್ಯೆಯೂ ಪೂರ್ತಿ ಬಾರದು. ಎದ್ದು ನಿಂತು ಎಲ್ಲ ಹೇಳಿದ. ತಾನು ಬಸ್ ತಂಗುದಾಣ ಬರೆಯುವವನು, ಗ್ರಿಡ್ ಎಂದದ್ದು ಕಾಗದಕ್ಕೆ, ಕರೆಂಟು ಹೋದದ್ದು ತಪ್ಪಿನಿಂದ, ಕಿಟಕಿ ಅತ್ತೆಯದು, ಬಕೆಟ್ಟು ಹೆಂಡತಿಯದು, ದ್ವೀಪದಲ್ಲಿ ಕೂಗಿದ್ದು "ನಾನು ಬರಲ್ಲ" ಅಲ್ಲ, "ನನಗೆ ಬರಲ್ಲ".

ಷಡ್ಡಕ ಕೋಟಿನೊಳಗೆ ಕಂತಿಹೋದ. ಇಂಜಿನಿಯರ್ ತನಗೂ ಇವನಿಗೂ ಸಂಬಂಧವಿಲ್ಲವೆಂಬಂತೆ ಕಿಟಕಿಯಾಚೆ ನೋಡಿದ. ಹೆಡ್‌ಮಿಸ್ ನಿಧಾನವಾಗಿ ಎದ್ದರು.

"ನೀವು ಕೂತ್ಕೊಳ್ಳಿ," ಎಂದರು ನಕ್ಷೆಗಾರನಿಗೆ. ತರಗತಿಯ ದನಿ. ಅವನು ಕುಳಿತ. ಅಧ್ಯಕ್ಷರೂ ತಾವು ಕುಳಿತಿದ್ದೇವೆಯೇ ಎಂದು ಒಮ್ಮೆ ನೋಡಿಕೊಂಡರು. "ಉತ್ತರ ಸರಿ ಇದೆಯೋ ಇಲ್ವೋ, ಅಷ್ಟು ಹೇಳಿ. ಯಾರ ಹತ್ರ ಕೇಳಿ ಬರೆದ ಅನ್ನೋದನ್ನ ನಾನು ಆಮೇಲೆ ವಿಚಾರಿಸ್ಕೋತೀನಿ."

ಅಧಿಕಾರಿಣಿ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಸ್ಕೇಲಿಟ್ಟು ಅಳೆದಳು. ಬೋಲ್ಟುಗಳನ್ನು ಎಣಿಸಿದಳು. "ಸರಿ ಇದೆ," ಎಂದಳು.

ಹಕ್ಕಿಗಳು ಮರಿಗಳೊಂದಿಗೆ ಹಾರಿಹೋದ ಮೇಲೆ ಒಂದು ಬೆಳಿಗ್ಗೆ ದೋಣಿಯಲ್ಲಿ ಮನೆ ಬಂತು. ಮಧ್ಯಾಹ್ನದ ಹೊತ್ತಿಗೆ ಎದ್ದು ನಿಂತಿತು. ಕೊನೆಯ ಕ್ಯಾನ್ವಾಸಿನ ಹಗ್ಗವನ್ನು ಹೆಂಡತಿಯೇ ಬಿಗಿದಳು. ಅತ್ತೆ ಒಳಗೆ ಹೋಗಿ ನೆಲದ ಮೇಲೆ ಮಲಗಿ, ಗಾಳಿ ಬರುತ್ತದೆಂದು ದೃಢೀಕರಿಸಿ ಎದ್ದು ಬಂದರು. ಅಧಿಕಾರಿಣಿ ನೀಲಿ ಪುಸ್ತಕ ಹಿಡಿದು ಒಂದೊಂದೇ ನಿಯಮ ಓದಿ ಗುರುತು ಹಾಕುತ್ತ ಬಂದಳು. ಬೆಳಕು, ಎತ್ತರ, ಕಸ. ಕೊನೆಯದು ಶಬ್ದ.

ಅದೇ ಹೊತ್ತಿಗೆ ಹೆಡ್‌ಮಿಸ್ ಬಾಗಿಲು ತೆರೆದರು. ಅದು ಕಿರ್ರೆಂದು ಕಿರುಚಿತು. ಸಣ್ಣ ಸದ್ದಲ್ಲ, ದ್ವೀಪದ ಆ ತುದಿಗೆ ಕೇಳುವಂಥದ್ದು. ನಕ್ಷೆಗಾರ ನಾಚಿ ಎಣ್ಣೆ ಡಬ್ಬಿ ಹಿಡಿದು ಓಡಿದ.

"ಬೇಡ," ಎಂದರು ಹೆಡ್‌ಮಿಸ್. ಅವರ ಕೈ ಬಾಗಿಲ ಮೇಲೇ ಇತ್ತು. "ಅಪ್ಪ ದೀಪ ಹಚ್ಚಿ ಮನೆಗೆ ಬಂದ್ರು ಅಂತ ನಮಗೆ ಹೀಗೇ ಗೊತ್ತಾಗ್ತಿತ್ತು."

ಎಲ್ಲರೂ ಅಧಿಕಾರಿಣಿಯ ಕಡೆ ತಿರುಗಿದರು. ಆಕೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಸಮುದ್ರದ ಕಡೆ ನೋಡಿದಳು.

"ಏನು ಬೇಡ? ನನಗೇನೂ ಕೇಳಿಸ್ಲಿಲ್ಲ," ಎಂದು ಗುರುತು ಹಾಕಿ ಪುಸ್ತಕ ಮುಚ್ಚಿದಳು.

ಹೆಡ್‌ಮಿಸ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮತ್ತೆ ತೆರೆದರು. ಮತ್ತೆ ಹಾಕಿದರು.